ಎಂಟರ್‌ಪ್ರೈಸ್‌ಗಾಗಿ ಕಾದವರು

1979ರ ಮೊದಲ ‘ಸ್ಟಾರ್ ಟ್ರೆಕ್’ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ದೃಶ್ಯವಿದೆ. ಕಥಾನಾಯಕ ಕರ್ಕ್ ಪುಟ್ಟ ನೌಕೆಯಲ್ಲಿ ಕೂತು, ಹೊಸದಾಗಿ ಸಜ್ಜಾಗುತ್ತಿರುವ ಎಂಟರ್‌ಪ್ರೈಸ್ ಎಂಬ ತನ್ನ ಬಾಹ್ಯಾಕಾಶ ಹಡಗಿನ ಸುತ್ತ ಬರುತ್ತಾನೆ. ಮಾತು ಇಲ್ಲವೇ ಇಲ್ಲ ಅನ್ನಬಹುದು. ಜೆರ್ರಿ ಗೋಲ್ಡ್‌ಸ್ಮಿತ್ ಅವರ ಸಂಗೀತ, ಹಡಗು, ಅದನ್ನು ನೋಡುವ ಕಣ್ಣು, ಅಷ್ಟೇ. ಹೀಗೇ ಹಲವು ನಿಮಿಷ ಸಾಗುತ್ತದೆ. ಇಷ್ಟು ಉದ್ದ ಯಾಕೆ ಅಂತ ಬೇಸರಪಟ್ಟವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ಅದರ ಹಿಂದಿನ ಕಥೆ ಹೇಳಬೇಕು ಅನ್ನಿಸುತ್ತದೆ.

‘ಸ್ಟಾರ್ ಟ್ರೆಕ್’ ಮೊದಲು ಟಿವಿ ಸರಣಿ. ಅದು ಅಮೆರಿಕದಲ್ಲಿ ಶುರುವಾಗಿದ್ದು 1966ರ ಸೆಪ್ಟೆಂಬರ್ 8ರಂದು. ಎರಡನೇ ವರ್ಷಕ್ಕೇ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿತು. ಬೀಜೋ ಟ್ರಿಂಬಲ್ ಎಂಬ ಅಭಿಮಾನಿ ಮತ್ತು ಅವರ ಗಂಡ ಜಾನ್ ಉಳಿದ ಅಭಿಮಾನಿಗಳನ್ನು ಒಟ್ಟುಗೂಡಿಸಿ ಎನ್‌ಬಿಸಿ ವಾಹಿನಿಗೆ ಪತ್ರ ಬರೆಸಿದರು. ಪತ್ರಗಳು ರಾಶಿ ಬಿದ್ದವು. ಸರಣಿ ಮುಂದುವರಿಯುತ್ತದೆ ಎಂದು ವಾಹಿನಿ ಪರದೆಯ ಮೇಲೇ ಹೇಳಬೇಕಾಯಿತು. ಆದರೆ ಕೊಟ್ಟ ಸಮಯ ಶುಕ್ರವಾರ ರಾತ್ರಿ 10 ಗಂಟೆ. ಹುಡುಗರು ಹೊರಗೆ ಸುತ್ತುವ ಹೊತ್ತು ಅದು, ನೋಡುವವರು ಯಾರು? 1969ರಲ್ಲಿ 79 ಕಂತುಗಳಿಗೆ ಎಲ್ಲ ಮುಗಿಯಿತು.

ಹೀಗೆ ನಿಂತ ಸರಣಿ ಮರುಪ್ರಸಾರದಲ್ಲಿ ಬೆಳೆಯಿತು. ಊರೂರಿನ ಸಣ್ಣ ವಾಹಿನಿಗಳು ದಿನಾ ಸಂಜೆ ತೋರಿಸಿದವು, ಶಾಲೆಯಿಂದ ಬಂದ ಮಕ್ಕಳು ನೋಡಿದರು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಸಮಾವೇಶ ನಡೆದಾಗ ಕೆಲವು ನೂರು ಜನ ಬರಬಹುದು ಅಂದುಕೊಂಡಿದ್ದರು. ಬಂದವರು ಸಾವಿರಾರು. 1976ರಲ್ಲಿ ಮತ್ತೆ ಪತ್ರಗಳು, ಈ ಸಲ ಶ್ವೇತಭವನಕ್ಕೆ. ನಾಸಾದ ಮೊದಲ ಬಾಹ್ಯಾಕಾಶ ಷಟಲ್‌ಗೆ ಕಾನ್‌ಸ್ಟಿಟ್ಯೂಷನ್ ಎಂದು ಇಡಬೇಕಿದ್ದ ಹೆಸರು ಎಂಟರ್‌ಪ್ರೈಸ್ ಆಯಿತು.

ನಮ್ಮಲ್ಲಿಗೆ ಅದು ಬಂದದ್ದು ಇನ್ನೂ ತಡವಾಗಿ. 1980ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ನೋಡಿದವರಲ್ಲಿ ನಾನೂ ಒಬ್ಬ. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಹಡಗಿನ ಅನ್ಯಗ್ರಹದ ಅಧಿಕಾರಿ ಸ್ಪಾಕ್‌ನ ಹುಬ್ಬು ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು.

ಸಿನಿಮಾ ಹುಟ್ಟಿದ್ದೂ ಸುಲಭವಾಗಿ ಅಲ್ಲ. 1977ರಲ್ಲಿ ಪ್ಯಾರಾಮೌಂಟ್ ಸ್ಟುಡಿಯೊ ‘ಸ್ಟಾರ್ ಟ್ರೆಕ್’ನದೇ ಹೊಸ ಟಿವಿ ಸರಣಿಗೆ ಸೆಟ್ ಹಾಕುತ್ತಿತ್ತು. ಅದೇ ವರ್ಷ ‘ಸ್ಟಾರ್ ವಾರ್ಸ್’ ಗೆದ್ದಿತು. ಬಾಹ್ಯಾಕಾಶದ ಕಥೆಗೆ ಚಿತ್ರಮಂದಿರದಲ್ಲೂ ಜನ ಬರುತ್ತಾರೆ ಅಂತ ಗೊತ್ತಾದ ಮೇಲೆ ಲೆಕ್ಕವೇ ಬದಲಾಯಿತು, ಸರಣಿ ಹೋಗಿ ಸಿನಿಮಾ ಆಯಿತು. ಸರಣಿಗೆಂದು ಆಯ್ಕೆಯಾಗಿದ್ದ ಮುಂಬೈನ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಸಿನಿಮಾದ ಇಲಿಯಾ ಎಂಬ ಪಾತ್ರ ಮಾಡಿದರು. 1979ರ ಡಿಸೆಂಬರ್ 7ರ ಬಿಡುಗಡೆ ಮುಂದೂಡುವಂತಿರಲಿಲ್ಲ. ನಿರ್ದೇಶಕ ರಾಬರ್ಟ್ ವೈಸ್ ಅವರಿಗೆ ಸಂಕಲನ ತಿದ್ದಲು ಸಮಯವೇ ಸಿಗಲಿಲ್ಲ. ತಮಗೆ ಬೇಕಾದ ರೂಪ ಕೊಡಲು ಅವರು 2001ರವರೆಗೆ ಕಾಯಬೇಕಾಯಿತು.

ಆ ಉದ್ದನೆಯ ದೃಶ್ಯವನ್ನು 1979ರಲ್ಲಿ ನೋಡಿದವರು ಹತ್ತು ವರ್ಷ ಆ ಹಡಗನ್ನು ಹಳೆಯ ಕಂತುಗಳಲ್ಲೇ ನೋಡಿಕೊಂಡು ಬಂದವರು. ಅವರಿಗೆ ಅದು ಉದ್ದ ಅನ್ನಿಸಿರಲು ಸಾಧ್ಯವೇ ಇಲ್ಲ, ಅಲ್ವಾ?

2016ರ ‘ಸ್ಟಾರ್ ಟ್ರೆಕ್’ ಸಿನಿಮಾ ಆದ ಮೇಲೆ ಮುಂದಿನದಕ್ಕೆ 2023ರ ಡಿಸೆಂಬರ್ ಎಂದು ದಿನಾಂಕವನ್ನೂ ಇಟ್ಟಿದ್ದರು. ನಿರ್ದೇಶಕರು ಬಿಟ್ಟುಹೋದರು, ದಿನಾಂಕವೂ ಪಟ್ಟಿಯಿಂದ ಹೋಯಿತು. ಹೊಸ ಹಡಗು ದೊಡ್ಡ ಪರದೆಗೆ ಬಂದ ದಿನ, ಅದರ ಸುತ್ತ ಒಂದು ಸುತ್ತು ಸುಮ್ನೆ ಹಾಕಿಸಿದರೆ ಸಾಕು ನನಗೆ.