ಬಿಳಿ–ಹಳದಿ ಜೋಡಣೆ: ಮೊದಲು ಹಳದಿ, ಆಮೇಲೆ ಅದಕ್ಕೆ ತಕ್ಕ ಬಿಳಿ

ಬಿಳಿ ಮತ್ತು ಹಳದಿ ಎರಡೂ ತಿಳಿ ಬಣ್ಣಗಳಾದ್ದರಿಂದ ಅವುಗಳನ್ನು ಜೋಡಿಸುವುದು ಸುಲಭವೆಂದು ಒಳಾಂಗಣ ವಿನ್ಯಾಸ ಕಲಿಯತೊಡಗಿದವರು ಸಾಮಾನ್ಯವಾಗಿ ಭಾವಿಸುತ್ತಾರೆ. ವಾಸ್ತವದಲ್ಲಿ ಈ ಜೋಡಿಯ ತೊಡಕು ಹುಟ್ಟುವುದು ಆ ಹೋಲಿಕೆಯಿಂದಲೇ. ಯಾವುದೇ ಬಣ್ಣವನ್ನು ನಾವು ಮೂರು ಗುಣಗಳಿಂದ ಗುರುತಿಸುತ್ತೇವೆ: ಅದು ಕೆಂಪೋ ಹಳದಿಯೋ ನೀಲಿಯೋ ಎಂದು ತಿಳಿಸುವ ವರ್ಣ, ಕಪ್ಪಿನಿಂದ ಬಿಳಿಯವರೆಗಿನ ಶ್ರೇಣಿಯಲ್ಲಿ ಅದರ ಸ್ಥಾನವನ್ನು ಸೂಚಿಸುವ ತಿಳಿತನ, ಮತ್ತು ಬೂದು ಬಣ್ಣದಿಂದ ಅದು ಎಷ್ಟು ದೂರವಿದೆ ಎಂಬುದನ್ನು ಸೂಚಿಸುವ ಗಾಢತೆ. ಅಮೆರಿಕದ ಚಿತ್ರಕಾರ ಆಲ್ಬರ್ಟ್ ಮನ್ಸೆಲ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಪದ್ಧತಿಯಲ್ಲಿ ತಿಳಿತನವನ್ನು 0ಯಿಂದ 10ರವರೆಗೆ ಅಳೆಯುತ್ತಾರೆ. ನೀಲಿ ಮತ್ತು ನೇರಳೆಗಳು ತಮ್ಮ ಪೂರ್ಣ ಗಾಢತೆಯನ್ನು ಈ ಶ್ರೇಣಿಯ ಕೆಳ ಅರ್ಧದಲ್ಲಿ ಪಡೆದರೆ, ಹಳದಿ ಅದನ್ನು ಪಡೆಯುವುದು 8ರ ಆಸುಪಾಸಿನಲ್ಲಿ, ಅಂದರೆ ಬಿಳಿಗೆ ತೀರ ಹತ್ತಿರದಲ್ಲಿ. ಕಂಪ್ಯೂಟರಿನ ಬಣ್ಣದ ಲೆಕ್ಕದಲ್ಲಿಯೂ ಇದೇ ಕಾಣುತ್ತದೆ: ಬಿಳಿಯ ಪ್ರಕಾಶವನ್ನು 100 ಎಂದು ಹಿಡಿದರೆ ಶುದ್ಧ ಹಳದಿಯದು ಸುಮಾರು 93, ಶುದ್ಧ ಕೆಂಪಿನದು 21, ಶುದ್ಧ ನೀಲಿಯದು 7.

ಇದರ ಅರ್ಥವೆಂದರೆ, ಬಿಳಿಯ ಪಕ್ಕದಲ್ಲಿ ಹಳದಿಯನ್ನಿಟ್ಟಾಗ ಗಾಢತೆಯ ವ್ಯತ್ಯಾಸ ಧಾರಾಳವಾಗಿರುತ್ತದೆ, ತಿಳಿತನದ ವ್ಯತ್ಯಾಸ ಮಾತ್ರ ಅತ್ಯಲ್ಪವಾಗಿರುತ್ತದೆ. ಆದರೆ ದೂರದಿಂದ ಆಕಾರಗಳನ್ನು ಗುರುತಿಸಲು ನಮ್ಮ ಕಣ್ಣು ಹೆಚ್ಚಾಗಿ ನೆಚ್ಚಿಕೊಂಡಿರುವುದು ತಿಳಿತನವನ್ನೇ. ಮಧ್ಯಯುಗದ ಯುರೋಪಿನಲ್ಲಿ ಗುರಾಣಿಗಳ ಮೇಲೆ ಲಾಂಛನ ಬರೆಯುವವರು ಚಿನ್ನದ ಮೇಲೆ ಬೆಳ್ಳಿಯನ್ನು, ಅಂದರೆ ಹಳದಿಯ ಮೇಲೆ ಬಿಳಿಯನ್ನು, ಇಡಬಾರದೆಂಬ ನಿಯಮವನ್ನು ಪಾಲಿಸುತ್ತಿದ್ದರು. ಬಿಳಿ ಪರದೆಯ ಮೇಲಿನ ನಿಂಬೆ ಹಳದಿಯ ಸಣ್ಣ ಹೂಗಳು ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಸ್ಪಷ್ಟವಾಗಿದ್ದು, ಕಿಟಕಿಗೆ ತೂಗುಹಾಕಿ ಕೋಣೆಯ ಇನ್ನೊಂದು ತುದಿಯಿಂದ ನೋಡಿದಾಗ ಕೊಂಚ ಮಾಸಿದ ಬಟ್ಟೆಯಂತೆ ಕಾಣುವುದಕ್ಕೂ ಇದೇ ಕಾರಣ. ಆಯ್ಕೆಗೆ ಮುನ್ನ ಎರಡೂ ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ; ಎರಡರ ನಡುವಿನ ಗೆರೆ ಆ ಚಿತ್ರದಲ್ಲಿ ಮಾಯವಾದರೆ ಕೋಣೆಯಲ್ಲಿಯೂ ಅದು ದುರ್ಬಲವಾಗಿಯೇ ಇರುತ್ತದೆ.

ಪರಿಹಾರವಾಗಿ ಹಳದಿಯ ತಿಳಿತನವನ್ನು ಕೆಳಗಿಳಿಸಬೇಕು, ಇಲ್ಲವೇ ಎರಡರ ನಡುವೆ ಕಡುಬಣ್ಣದ ಮೂರನೆಯದೊಂದನ್ನು ತರಬೇಕು. ಹಳದಿಯನ್ನು ಕಡುವಾಗಿಸಲು ಕಪ್ಪನ್ನು ಬೆರೆಸಿದರೆ ಅದು ಪಾಚಿ ಹಸಿರಿನತ್ತ ಸರಿಯುತ್ತದೆ. ಆದ್ದರಿಂದ ತುಸು ಕೆಂಪಿನತ್ತ ವಾಲಿದ, ಕಾವಿಮಣ್ಣಿನ ಬಳಗಕ್ಕೆ ಸೇರಿದ ಹಳದಿಯನ್ನು ಆರಿಸುವುದು ಒಳ್ಳೆಯದು. ಕಬ್ಬಿಣದ ಆಕ್ಸೈಡಿನಿಂದ ಬರುವ ಈ ಬಣ್ಣ ಬೆಳಕಿಗೆ ಸುಲಭವಾಗಿ ಮಂಕಾಗುವುದಿಲ್ಲ. ಮೂರನೆಯ ಬಣ್ಣಕ್ಕೆ ದೊಡ್ಡ ಜಾಗ ಬೇಡ. ಮರದ ಚೌಕಟ್ಟು, ದಿಂಬಿನ ಅಂಚಿನ ಬೂದು ಪಟ್ಟಿ, ಬಾಗಿಲಿನ ಕಪ್ಪು ಹಿಡಿಕೆ ಇಷ್ಟಿದ್ದರೂ ಕಣ್ಣಿಗೆ ನೆಲೆ ಸಿಗುತ್ತದೆ. ವಯಸ್ಸಾದವರು ಅಥವಾ ದೃಷ್ಟಿ ಮಂದವಾದವರು ಇರುವ ಮನೆಯಲ್ಲಿ ಇದು ಅಂದದ ಪ್ರಶ್ನೆಯಷ್ಟೇ ಅಲ್ಲ. ಗೋಡೆಯಿಂದ ಬಾಗಿಲು ಬೇರೆಯಾಗಿ ಕಾಣಲು ಅವುಗಳ ಬೆಳಕು ಪ್ರತಿಫಲನದ ಅಂಕಗಳ (ಮೇಲ್ಮೈ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆಂಬ 0ಯಿಂದ 100ರವರೆಗಿನ ಅಳತೆ) ನಡುವೆ 30ರಷ್ಟು ಅಂತರ ಬೇಕೆಂದು ಬ್ರಿಟನ್ನಿನ ಬಿಎಸ್ 8300 ಮಾನದಂಡ ಸೂಚಿಸುತ್ತದೆ. ತಿಳಿಹಳದಿ ಗೋಡೆ ಮತ್ತು ಬಿಳಿ ಬಾಗಿಲಿನ ನಡುವೆ ಅಷ್ಟು ಅಂತರ ಸಿಗುವುದಿಲ್ಲ.

ಇನ್ನು ಬಿಳಿಯ ಆಯ್ಕೆ. ಮೊದಲು ಬಿಳಿಯನ್ನು ಗೊತ್ತುಮಾಡಿ ಆಮೇಲೆ ಹಳದಿಯನ್ನು ಹುಡುಕುವ ರೂಢಿಯಿದೆ. ನನ್ನ ದೃಷ್ಟಿಯಲ್ಲಿ ಇದು ತಲೆಕೆಳಗಾದ ಕ್ರಮ. ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲಿ ವಿವರಿಸಿದಂತೆ, ಅಕ್ಕಪಕ್ಕದ ಬಣ್ಣಗಳು ಪರಸ್ಪರರನ್ನು ತಮ್ಮ ವಿರುದ್ಧ ವರ್ಣದತ್ತ ತಳ್ಳುತ್ತವೆ. ಹಳದಿಯ ವಿರುದ್ಧ ವರ್ಣ ನೀಲಿಯಾದ್ದರಿಂದ ಹಳದಿಯ ನೆರೆಯಲ್ಲಿರುವ ಬಿಳಿ ತುಸು ನೀಲಿಯಾಗಿ ಕಾಣುತ್ತದೆ. ಶೇಡ್ ಕಾರ್ಡಿನಲ್ಲಿಯೇ ನೀಲಿಯ ಛಾಯೆಯುಳ್ಳ ಬಿಳಿಯನ್ನು ಆರಿಸಿದ್ದರೆ ಆ ಪರಿಣಾಮ ಇಮ್ಮಡಿಯಾಗಿ, ಕಿಟಕಿಯ ಚೌಕಟ್ಟು ಬೂದಿ ಬಳಿದಂತಾಗುತ್ತದೆ. ಹಾಗೆಂದು ಕೆನೆಬಿಳಿ ಎಲ್ಲ ಕಡೆಗೂ ಸಲ್ಲುವುದಿಲ್ಲ. ಸಾಸಿವೆ ಹಳದಿ ಅಥವಾ ಕಾವಿಯಂತಹ ಕಡು ಹಳದಿಗೆ ಕೆನೆಬಿಳಿ ಹಿತವಾಗಿ ಹೊಂದುತ್ತದೆ; ತೀರ ತಿಳಿಯಾದ ಹಳದಿಯ ಪಕ್ಕದಲ್ಲಿ ಮಾತ್ರ ಅದು ಹಳೆಯದಾಗಿ ಹಳದಿಗಟ್ಟಿದ ಬಿಳಿಯೆಂಬ ಭಾವನೆ ತರುತ್ತದೆ. ಅಲ್ಲಿ ಯಾವ ಛಾಯೆಯೂ ಇಲ್ಲದ ಶುಭ್ರ ಬಿಳಿಯೇ ಬೇಕು. ಬಟ್ಟೆಯ ಬಿಳಿಗೆ ಇನ್ನೊಂದು ಗುಟ್ಟಿದೆ: ಬಹುಪಾಲು ಬಿಳಿ ಬಟ್ಟೆಗಳಲ್ಲಿ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುವ ರಾಸಾಯನಿಕವಿರುತ್ತದೆ. ಹಗಲು ಕಣ್ಣು ಕೋರೈಸುವ ಅಂತಹ ಹಾಸಿಗೆ ಹೊದಿಕೆ, ಅತಿನೇರಳೆ ಅಂಶ ಬಹುತೇಕ ಇಲ್ಲದ ಎಲ್‌ಇಡಿ ದೀಪದಡಿ ಸಾಧಾರಣ ಬಿಳಿಯಾಗಿಬಿಡುತ್ತದೆ.

ಬೆಳಕಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಾಲ್ಕೂ ಗೋಡೆಗಳಿಗೆ ಹಳದಿ ಬಳಿದಾಗ ಒಂದರ ಮೇಲೆ ಬಿದ್ದ ಬೆಳಕು ಹಳದಿಯಾಗಿ ಇನ್ನೊಂದರ ಮೇಲೆ ಬೀಳುತ್ತದೆ, ಹೀಗೆ ಮರುಕಳಿಸುತ್ತ ಬಣ್ಣ ಗಾಢವಾಗುತ್ತ ಹೋಗುತ್ತದೆ. ಎರಡು ಗೋಡೆಗಳು ಕೂಡುವ ಮೂಲೆಯನ್ನು ಹತ್ತಿರದಿಂದ ನೋಡಿದರೆ ಅಲ್ಲಿನ ಹಳದಿ ಗೋಡೆಯ ನಡುಭಾಗಕ್ಕಿಂತ ಎದ್ದು ಕಾಣುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಮೆಚ್ಚಿಕೊಂಡ ಹಳದಿಗಿಂತ ಒಂದು ಹಂತ ಮಂದವಾದುದನ್ನು ಆರಿಸುವುದು ಲೇಸು. ಎರಡು ದೊಡ್ಡ ರಟ್ಟುಗಳಿಗೆ ಬಣ್ಣ ಬಳಿದು, ಅವುಗಳನ್ನು ಮೂಲೆಯಲ್ಲಿ ಎದುರುಬದುರಾಗಿ ನಿಲ್ಲಿಸಿ ಬೆಳಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಬೇಕು. ದೀಪದ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಸುಮಾರು 2700 ಕೆಲ್ವಿನ್‌ನ ಬೆಚ್ಚನೆಯ ದೀಪದಲ್ಲಿ ಬಿಳಿಯೂ ಹಳದಿಯತ್ತ ವಾಲಿ ಜೋಡಿಯ ಅಂತರ ಕುಗ್ಗುತ್ತದೆ. 6500 ಕೆಲ್ವಿನ್‌ನ ತಣ್ಣನೆಯ ದೀಪದಲ್ಲಿ ನಿಂಬೆ ಹಳದಿಗೆ ಹಸಿರಿನ ಛಾಯೆ ಬರುತ್ತದೆ. 4000ದ ಆಸುಪಾಸಿನ ದೀಪ ಎರಡಕ್ಕೂ ನ್ಯಾಯ ಮಾಡುತ್ತದೆಂಬುದು ನನ್ನ ಅಭಿಪ್ರಾಯ, ಮಲಗುವ ಕೋಣೆಯೊಂದನ್ನು ಬಿಟ್ಟು.

ಯಾವುದು ಎಷ್ಟು ಪಾಲು ಎಂಬ ಬಗ್ಗೆ 60–30–10ರ ಸೂತ್ರ (ನೂರರಲ್ಲಿ ಮುಖ್ಯ ಬಣ್ಣಕ್ಕೆ 60, ಎರಡನೆಯದಕ್ಕೆ 30, ಮೂರನೆಯದಕ್ಕೆ 10 ಪಾಲು) ಎಲ್ಲೆಡೆ ಸಿಗುತ್ತದೆ; ಅದನ್ನು ಆರಂಭದ ಊರುಗೋಲಾಗಿ ಬಳಸಿದರೆ ಸಾಕು. ಆ ಸೂತ್ರವನ್ನು ಮೀರಿದ ಉದಾಹರಣೆಯೂ ಇದೆ: ಫ್ರಾನ್ಸಿನ ಜಿವೆರ್ನಿಯಲ್ಲಿರುವ ಚಿತ್ರಕಾರ ಕ್ಲಾಡ್ ಮೊನೆಯ ಊಟದ ಕೋಣೆಯಲ್ಲಿ ಗೋಡೆಗಳಷ್ಟೇ ಅಲ್ಲದೆ ಪೀಠೋಪಕರಣಗಳೂ ಹಳದಿಯಾಗಿದ್ದು, ಅಲ್ಲಿ ಕಣ್ಣಿಗೆ ಬಿಡುವು ಕೊಡುವ ಕೆಲಸವನ್ನು ನೀಲಿ ಪಿಂಗಾಣಿ ಮತ್ತು ಜಪಾನೀ ಮುದ್ರಣ ಚಿತ್ರಗಳು ವಹಿಸಿಕೊಂಡಿವೆ.

ಕೊನೆಗೆ ಪೇಂಟಿನ ಗುಣ. ಬಿಳಿಗೆ ಮೈ ಕೊಡುವ ಟೈಟಾನಿಯಂ ಡೈಆಕ್ಸೈಡ್ ಅಡಿಯ ಬಣ್ಣವನ್ನು ಚೆನ್ನಾಗಿ ಮುಚ್ಚುತ್ತದೆ. ಹೊಳೆಯುವ ಹಳದಿಯ ಸಾವಯವ ವರ್ಣದ್ರವ್ಯಗಳು ಅರೆಪಾರದರ್ಶಕವಾದ್ದರಿಂದ ಅವಕ್ಕೆ ಹೆಚ್ಚುವರಿ ಕೋಟು ಬೇಕಾಗುತ್ತದೆ. ಬಾಗಿಲು ಕಿಟಕಿಗಳಿಗೆ ಬಳಿಯುವ ಎಣ್ಣೆ ಆಧಾರಿತ ಬಿಳಿ ಎನಾಮಲ್ ಕಾಲಕ್ರಮದಲ್ಲಿ ತಾನೇ ಹಳದಿಗಟ್ಟುತ್ತದೆ; ಬೆಳಕು ಕಡಿಮೆ ಬೀಳುವ ಕಪಾಟಿನ ಒಳಬದಿಯಲ್ಲಿ, ಬಾಗಿಲಿನ ಹಿಂಬದಿಯಲ್ಲಿ ಇನ್ನೂ ಬೇಗ. ಹಳದಿ ಗೋಡೆಯ ಪಕ್ಕದ ಬಿಳಿ ಬಿಳಿಯಾಗಿಯೇ ಉಳಿಯಬೇಕೆಂದಿದ್ದರೆ ಅಲ್ಲಿ ನೀರು ಆಧಾರಿತ ಅಕ್ರಿಲಿಕ್ ಎನಾಮಲ್ ಬಳಸಬೇಕು.