ಕಾಂಡ್ಲಾ ಬುಡದ ಕೆಸರು

ಕುಮಟಾ ಬಳಿಯ ಅಘನಾಶಿನಿ ನದಿಯ ಅಳಿವೆಗೆ ಕೆಸರು ತೆಗೆಯಲು ಹೋದಾಗಲೆಲ್ಲ ದೋಣಿ ನಡೆಸುವ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ. "ಈ ರಾಡಿ ತಕ್ಕಂಡು ಹೋಗಿ ಎಂತ ಮಾಡ್ತ್ರಿ ಸಾರ್?" ಅವರಿಗೆ ಅದು ಸುಮ್ನೆ ಕೇಳಿದ ಮಾತಲ್ಲ. ಅವರ ಪ್ರಕಾರ ಆ ಕೆಸರಿಗೆ ಬೆಲೆ ಇರುವುದು ಅದು ಇದ್ದಲ್ಲೇ ಇದ್ದಾಗ. ಬೆಳಚು (ತಿನ್ನುವ ಚಿಪ್ಪಿನ ಜೀವಿ) ಸಿಗುವುದು, ಏಡಿ ಸಿಗುವುದು, ಸಿಗಡಿ ಮರಿ ಬೆಳೆಯುವುದು ಎಲ್ಲ ಅಲ್ಲೇ. ಅದನ್ನು ಚೀಲಕ್ಕೆ ತುಂಬಿ ಊರು ದಾಟಿಸುವುದರಲ್ಲಿ ಏನು ಅರ್ಥ?

ನಾನು ಮಣ್ಣಿನಲ್ಲಿರುವ ಇಂಗಾಲ ಅಳೆಯುವವನು. ಗಾಳಿಗೆ ಹೋದರೆ ಭೂಮಿಯನ್ನು ಬಿಸಿ ಮಾಡುವ ಇಂಗಾಲ ಕೆಸರಿನಲ್ಲಿ ಎಷ್ಟು ಹೂತಿದೆ ಅಂತ ನೋಡಲು ಅದನ್ನು ಒಯ್ಯುತ್ತೇನೆ. ವರ್ಷಗಳಿಂದ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಇದೇ ಕೆಲಸ. ಅವರ ಪ್ರಶ್ನೆಗೆ ದೋಣಿಯಲ್ಲಿ ಕೂತು ಎರಡು ಮಾತಿನಲ್ಲಿ ಉತ್ತರ ಹೇಳಿದರೆ ಸಾಲುವುದಿಲ್ಲ. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ನಡೆಯುವುದು ಇಳಿತದ ಹೊತ್ತಿನಲ್ಲಿ. ಮೂರು, ಜಾಸ್ತಿ ಅಂದರೆ ನಾಲ್ಕು ಗಂಟೆ ಸಿಗುತ್ತದೆ. ಉದ್ದಕ್ಕೆ ಸೀಳಿದ ಕೊಳವೆಯಂಥ ಒಂದು ಉಕ್ಕಿನ ಉಪಕರಣವನ್ನು ಬೇರುಗಳ ನಡುವೆ ನೆಲಕ್ಕೆ ಒತ್ತುತ್ತೇವೆ. ಒಂದು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯುತ್ತೇವೆ. ಒಂದು ಮೀಟರ್ ಉದ್ದದ ಕೆಸರಿನ ಕಂಬ ಕೈಗೆ ಬರುತ್ತದೆ. ಮೇಲಿನ ಒಂದೆರಡು ಸೆಂಟಿಮೀಟರ್ ಕಂದು ಬಣ್ಣ. ಕೆಳಗೆ ಬೂದು, ಆಮೇಲೆ ಕಪ್ಪು. ಕೂದಲಿನಂಥ ಬೇರು, ಅರ್ಧ ಕೊಳೆತ ಎಲೆಯ ಚೂರು, ಚಿಪ್ಪಿನ ತುಂಡು ಎಲ್ಲ ಕಾಣುತ್ತವೆ. ಜೊತೆಗೆ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ.

ಈ ವಾಸನೆಯಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಇಂಗಾಲ ಅಲ್ಲಿ ಉಳಿದಿದೆ ಅನ್ನುವುದನ್ನು ಮೊದಲು ತಿಳಿಸುವುದು ಅದೇ.

ಮಲೆನಾಡಿನ ಕಾಡಿನಲ್ಲಿ ಒಂದು ಎಲೆ ಉದುರಿತು ಅಂದುಕೊಳ್ಳಿ. ಗೆದ್ದಲು, ಅಣಬೆ, ಸೂಕ್ಷ್ಮಜೀವಿ ಎಲ್ಲ ಸೇರಿ ಅದನ್ನು ತಿಂದು ಮುಗಿಸುತ್ತವೆ. ಅದಕ್ಕೆ ಗಾಳಿಯಲ್ಲಿರುವ ಆಮ್ಲಜನಕ ಬೇಕು. ಎಲೆಯಲ್ಲಿದ್ದ ಇಂಗಾಲದ ಬಹುಪಾಲು ಮತ್ತೆ ಗಾಳಿಗೆ ಹೋಗುತ್ತದೆ. ಕಾಂಡ್ಲಾ ಬುಡದಲ್ಲಿ ಹಾಗಾಗುವುದಿಲ್ಲ. ಅಲ್ಲಿ ದಿನಕ್ಕೆ ಎರಡು ಸಲ ಭರತದ, ಅಂದರೆ ಉಬ್ಬರದ, ನೀರು ಏರುತ್ತದೆ. ಕೆಸರು ಯಾವಾಗಲೂ ನೆನೆದೇ ಇರುತ್ತದೆ. ಮೇಲಿನ ತೆಳು ಪದರ ಬಿಟ್ಟರೆ ಒಳಗೆ ಆಮ್ಲಜನಕವೇ ಇಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಬಳಸಿ ಉಸಿರಾಡುತ್ತವೆ. ಅದರಿಂದ ಬರುವ ಅನಿಲವೇ ಆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ಹೀಗೆ ಕೊಳೆಯುವುದು ಬಹಳ ನಿಧಾನ. ಹಳೆಯದು ಕೊಳೆತು ಮುಗಿಯುವ ಮೊದಲೇ ಹೊಸ ಬೇರು, ಹೊಸ ಎಲೆ, ಘಟ್ಟದಿಂದ ಬಂದ ಹೂಳು ಮೇಲೆ ಕೂರುತ್ತವೆ. ಇಂಗಾಲ ಹೂತುಹೋಗುತ್ತದೆ.

ಇಲ್ಲಿ ಉಪ್ಪಿನ ಪಾತ್ರ ದೊಡ್ಡದು. ಸಿಹಿನೀರಿನ ಜೌಗಿನಲ್ಲೂ ಆಮ್ಲಜನಕ ಇರುವುದಿಲ್ಲ, ನಿಜ. ಆದರೆ ಅಲ್ಲಿ ಸಲ್ಫೇಟ್ ಕಡಿಮೆ. ಹಾಗಾಗಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ. ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಉಪ್ಪು ನೀರಿನಲ್ಲಿ ಸಲ್ಫೇಟ್ ಬಳಸುವವು ಇವುಗಳ ಆಹಾರ ಕಸಿದುಕೊಳ್ಳುತ್ತವೆ. ಅದರಿಂದ ಮೀಥೇನ್ ಕಡಿಮೆ. ಇದೇ ಕಾರಣಕ್ಕೆ ಅಳಿವೆಗೆ ಬರುವ ಉಪ್ಪು ಮತ್ತು ಸಿಹಿನೀರಿನ ಹದ ನನಗೆ ಮುಖ್ಯ. ಪಕ್ಕದ ಶರಾವತಿಯನ್ನೇ ನೋಡಿ. ಲಿಂಗನಮಕ್ಕಿಯ ನೀರು ವಿದ್ಯುತ್ ಮಾಡಿ ವರ್ಷವಿಡೀ ಕೆಳಗೆ ಹರಿಯುತ್ತದೆ. ಹೊನ್ನಾವರದ ಅಳಿವೆಯಲ್ಲಿ ಉಪ್ಪಿನ ಅಂಶ ಇಳಿದು, ಅಲ್ಲಿನ ಚಿಪ್ಪಿನ ಜೀವಿಗಳಿಗೇ ಕುತ್ತು ಬಂತು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಹೂಳೂ ತಡೆಯಿಲ್ಲದೆ ಬರುತ್ತದೆ. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಈ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಘೋಷಣೆಯಾಯಿತು. ನನ್ನಂಥವರಿಗೆ ಅದು ಬಹಳ ಖುಷಿಯ ಸುದ್ದಿ.

ಕೈಯಲ್ಲಿ ಹಿಡಿದ ಆ ಒಂದು ಮೀಟರ್ ಕೆಸರಿಗೆ ಎಷ್ಟು ವಯಸ್ಸು? ಕಾಂಡ್ಲಾ ಕಾಡಿನ ನೆಲ ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರುತ್ತದೆ. ಎರಡೂವರೆ ಮಿಲಿಮೀಟರ್ ಅಂತ ಇಟ್ಟುಕೊಂಡರೆ ಒಂದು ಮೀಟರ್ ಆಗಲು 400 ವರ್ಷ ಬೇಕು. ಮಿರ್ಜಾನ್ ಕೋಟೆ ಈ ನದಿಯ ದಡದ ಹತ್ತಿರವೇ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಈ ಕಡೆಯಿಂದ ಕಾಳುಮೆಣಸು ಹಡಗು ಹತ್ತುತ್ತಿತ್ತು. ಆಗ ಉದುರಿದ ಎಲೆಯ ಇಂಗಾಲ ಇಂಥ ಕೆಸರಿನ ತಳದಲ್ಲಿ ಇನ್ನೂ ಇರಬಹುದು. ಇದು ಬರೀ ಅಂದಾಜಿನ ಲೆಕ್ಕ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಆದರೂ ಕೆಸರಿನ ಕಂಬ ಕತ್ತರಿಸುವಾಗ ಪ್ರತಿ ಸಲ ನನಗೆ ಇದು ನೆನಪಾಗುತ್ತದೆ.

ಪ್ರಯೋಗಾಲಯದಲ್ಲಿ ಆ ಕಂಬದ ತುಂಡುಗಳನ್ನು ಒಣಗಿಸಿ ತೂಗುತ್ತೇವೆ. ಒಂದು ಘನ ಸೆಂಟಿಮೀಟರ್ ಕೆಸರಿನಲ್ಲಿ ಒಣ ಮಣ್ಣು ಎಷ್ಟು, ಅದರಲ್ಲಿ ಇಂಗಾಲ ಶೇಕಡಾ ಎಷ್ಟು ಅಂತ ನೋಡುತ್ತೇವೆ. ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಣ ಮಣ್ಣು 0.8 ಗ್ರಾಂ, ಇಂಗಾಲ ಶೇ. 3 ಇದ್ದರೆ, ಒಂದು ಮೀಟರ್ ಆಳಕ್ಕೆ ಹೆಕ್ಟೇರಿಗೆ 240 ಟನ್ ಇಂಗಾಲ ಆಗುತ್ತದೆ. ಅಷ್ಟೂ ಗಾಳಿಗೆ ಹೋದರೆ 880 ಟನ್ ಇಂಗಾಲದ ಡೈಆಕ್ಸೈಡ್. ಶೇ. 3 ಅಂದರೆ ಚಿಲ್ಲರೆ ಅನ್ನಿಸುತ್ತದೆ, ಅಲ್ವಾ? ಆದರೆ ಆಳ ಸೇರಿದಾಗ ಲೆಕ್ಕ ಬೆಳೆಯುತ್ತಾ ಹೋಗುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಭಾಗದ 25 ಕಾಂಡ್ಲಾ ಕಾಡುಗಳನ್ನು ಅಳೆಯಿತು. ಮರ, ಬೇರು, ಮಣ್ಣು ಎಲ್ಲ ಸೇರಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಸಿಕ್ಕಿತು. ಅದರಲ್ಲಿ ಮಣ್ಣಿನ ಪಾಲು ಸುಮಾರು ಅರ್ಧದಿಂದ ಹಿಡಿದು ಶೇ. 98ರವರೆಗೆ. ಆ ಕಾಡುಗಳ ಕೆಸರು ಕೆಲವು ಕಡೆ ಮೂರು ಮೀಟರಿಗಿಂತ ಆಳ. ನಮ್ಮ ಸಣ್ಣ ಅಳಿವೆಗಳಿಗೆ ಆ ಅಂಕಿಯನ್ನು ಹಾಗೇ ಅಂಟಿಸಬಾರದು. ಆದರೆ ಆಸ್ತಿ ಇರುವುದು ನೆಲದಲ್ಲಿ ಅನ್ನುವ ಮಾತು ಇಲ್ಲಿಗೂ ಹೊಂದುತ್ತದೆ.

ಬೆಳಚು ಆಯುವ ಹೆಂಗಸರೊಬ್ಬರು ಒಮ್ಮೆ ಒಳ್ಳೆಯ ಪ್ರಶ್ನೆ ಕೇಳಿದರು. ಚಿಪ್ಪಿನಲ್ಲೂ ಇಂಗಾಲ ಇದೆಯಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ ಅಂತ. ಇದೆ, ಆದರೆ ಹಿಡಿಯುವುದಿಲ್ಲ. ಚಿಪ್ಪು ಅಂದರೆ ಸುಣ್ಣ. ಜೀವಿ ನೀರಿನಲ್ಲಿ ಕರಗಿದ ಬೈಕಾರ್ಬನೇಟ್ ತೆಗೆದುಕೊಂಡು ಚಿಪ್ಪು ಕಟ್ಟುವಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಹಾಗಾಗಿ ಅದನ್ನು ಗಾಳಿಯಿಂದ ಹಿಡಿದಿಟ್ಟ ಇಂಗಾಲ ಅಂತ ಹೇಳಲು ಬರುವುದಿಲ್ಲ. ಕೆಸರನ್ನು ಆಮ್ಲದಲ್ಲಿ ತೊಳೆದು ಚಿಪ್ಪಿನ ಇಂಗಾಲ ತೆಗೆದ ಮೇಲೇ ಅಳೆಯಬೇಕು. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಒಂದು ಕಂತಿನ ಮಾದರಿಗಳನ್ನು ಹೀಗೆ ತೊಳೆಯದೆ ಅಳೆದುಬಿಟ್ಟಿದ್ದೆವು. ಅಂಕಿಗಳು ಅನುಮಾನ ಬರುವಷ್ಟು ಮೇಲಿದ್ದವು. ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಚಿಪ್ಪು ತುಂಬಿದ ಅಳಿವೆಯಿಂದ ಬಂದ ಯಾವುದೇ ದೊಡ್ಡ ಅಂಕಿ ನೋಡಿದರೂ ಈಗ ನಾನು ಮೊದಲು ಕೇಳುವುದು, ಆಮ್ಲದಲ್ಲಿ ತೊಳೆದಿರಾ ಅಂತ.

ಇನ್ನು ಗಜನಿಯ ವಿಷಯ. ಕುಮಟಾ ಕಡೆಯವರಿಗೆ ಗೊತ್ತಿದೆ, ಬೇರೆಯವರಿಗಾಗಿ ಹೇಳುತ್ತೇನೆ. ಅಳಿವೆಯ ಅಂಚಿನ ತಗ್ಗು ನೆಲಕ್ಕೆ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಕಗ್ಗ ಉಪ್ಪು ತಡೆಯುತ್ತದೆ, ನೆರೆ ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಿದ್ದರು. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಿದ್ದರು. ಮಣ್ಣಿನ ಕಣ್ಣಿನಿಂದ ನೋಡಿದರೆ ಇದು ಬಹಳ ಜಾಣ ಪದ್ಧತಿ. ನೆಲ ವರ್ಷದ ಹೆಚ್ಚು ಕಾಲ ಒದ್ದೆಯಾಗಿಯೇ ಇರುತ್ತಿತ್ತು. ಆಮೇಲೆ ಸಿಗಡಿ ಕೃಷಿಯ ಹೊಂಡಗಳು ಬಂದವು. ಹೊಂಡ ತೋಡಿದರೆ ಒಳಗಿನ ಕಪ್ಪು ಕೆಸರು ಮೇಲಕ್ಕೆ ಬಂದು ಬಿಸಿಲಿಗೆ ಬೀಳುತ್ತದೆ. ಆಮ್ಲಜನಕ ತಾಗುತ್ತದೆ. ನೂರಾರು ವರ್ಷ ಹೂತಿದ್ದ ಇಂಗಾಲ ಗಾಳಿಗೆ ಹೋಗತೊಡಗುತ್ತದೆ. ಜೊತೆಗೆ ಕೆಸರಿನಲ್ಲಿದ್ದ ಗಂಧಕದ ಖನಿಜ ಗಾಳಿ ತಾಗಿ ಗಂಧಕಾಮ್ಲ ಆಗುತ್ತದೆ. ನೆಲ ಹುಳಿಯಾಗುತ್ತದೆ. ಹೊಂಡದವರು ಮತ್ತೆ ಮತ್ತೆ ಸುಣ್ಣ ಸುರಿಯುವುದಕ್ಕೆ ಇದೂ ಒಂದು ಕಾರಣ.

ಇಂಗಾಲ ಹೂತುಕೊಳ್ಳುವ ವೇಗ ಮತ್ತು ಕಳೆದುಹೋಗುವ ವೇಗ ಒಂದೇ ಅಲ್ಲ. ಒಳ್ಳೆಯ ಕಾಂಡ್ಲಾ ಕಾಡು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 2 ಟನ್ ಇಂಗಾಲ ಹೂಳುತ್ತದೆ. ಮೇಲಿನ ಉದಾಹರಣೆಯ 240 ಟನ್ ಸೇರಬೇಕಾದರೆ ಅದಕ್ಕೆ ಶತಮಾನಕ್ಕಿಂತ ಜಾಸ್ತಿ ಬೇಕು. ತೋಡುವ ಯಂತ್ರಕ್ಕೆ ಒಂದು ವಾರ ಸಾಕು. ಆದ್ದರಿಂದ ಯಾರಾದರೂ ಒಂದು ಕಡೆ ಕಾಂಡ್ಲಾ ತೆಗೆದು ಇನ್ನೊಂದು ಕಡೆ ಎರಡರಷ್ಟು ನೆಡುತ್ತೇವೆ ಅಂದರೆ ನಾನು ಒಪ್ಪುವುದಿಲ್ಲ. ಸಸಿ ಎಣಿಸಬಹುದು. ಹಳೆಯ ಕೆಸರನ್ನು ನೆಡಲು ಬರುವುದಿಲ್ಲ.

ನೆಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾಂಡ್ಲಾ ಬೆಳೆಸುವ ಕೇಂದ್ರ ಸರ್ಕಾರದ ಮಿಷ್ಟಿ ಯೋಜನೆ 2023ರಲ್ಲಿ ಶುರುವಾಯಿತು. ಹಾಳಾದ ಕಾಂಡ್ಲಾ ನೆಲಕ್ಕೆ ಹಣ ಬರುವುದು ಒಳ್ಳೆಯದೇ. ನನ್ನ ಭಯ ಜಾಗದ ಬಗ್ಗೆ. ಕಾಂಡ್ಲಾ ಬೆಳೆಯುವುದು ಸಮುದ್ರದ ಸರಾಸರಿ ಮಟ್ಟಕ್ಕಿಂತ ಮೇಲೆ, ದೊಡ್ಡ ಉಬ್ಬರದ ಗೆರೆಗಿಂತ ಕೆಳಗೆ. ಅದಕ್ಕಿಂತ ಕೆಳಗಿನ ಬಯಲು ಕೆಸರಿನಲ್ಲಿ ನೀರು ತುಂಬಾ ಹೊತ್ತು ನಿಲ್ಲುತ್ತದೆ, ಸಸಿ ಉಸಿರುಕಟ್ಟಿ ಸಾಯುತ್ತದೆ. ಆದರೆ ಒಡೆಯರಿಲ್ಲದ ಖಾಲಿ ಜಾಗ ಅಂತ ಕಾಣುವುದು ಅದೇ ಬಯಲು. ಜನ ಹೋಗಿ ಅಲ್ಲೇ ಸಾಲಾಗಿ ಕಡ್ಡಿ ಚುಚ್ಚುತ್ತಾರೆ. ಫಿಲಿಪೀನ್ಸ್‌ನಲ್ಲಿ ದಶಕಗಳ ಕಾಲ ಹೀಗೆ ನೆಟ್ಟು, ಕೊನೆಗೆ ಉಳಿದದ್ದು ನೂರಕ್ಕೆ ಹತ್ತಿಪ್ಪತ್ತು ಮಾತ್ರ. ನಮ್ಮಲ್ಲೂ ಒಂದು ಸಂಸ್ಥೆಯವರು ಕರೆದಾಗ ನಾನು ಇಂಥ ಜಾಗ ನೋಡಿದ್ದೇನೆ. ಬೆಳಚು ಆಯುವ ಬಯಲಿನಲ್ಲಿ ನೆಟ್ಟಿದ್ದರು. ಒಂದು ಮಳೆಗಾಲ ಕಳೆದು ಹೋದಾಗ ಬರೀ ಕೋಲುಗಳು ನಿಂತಿದ್ದವು. ಬೆಳಚು ಆಯುವವರು ಅವುಗಳ ನಡುವೆ ಕಾಲು ತರಚಿಕೊಂಡು ಓಡಾಡುತ್ತಿದ್ದರು. ಅವರನ್ನು ಒಂದು ಮಾತು ಕೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಯಾವ ಜಾಗದಲ್ಲಿ ಎಷ್ಟು ಹೊತ್ತು ನೀರು ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ನಮ್ಮ ನಕ್ಷೆಗಳಿಗೂ ಗೊತ್ತಿಲ್ಲ.

ಇತ್ತೀಚೆಗೆ ಕಾರ್ಬನ್ ಕ್ರೆಡಿಟ್, ಅಂದರೆ ಹಿಡಿದಿಟ್ಟ ಇಂಗಾಲವನ್ನು ಲೆಕ್ಕ ಹಾಕಿ ಮಾರುವುದರ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಊರಿಗೆ ಹಣ ಬರುತ್ತದಾ ಅಂತ. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ ಮಿಕೊಕೊ ಪಮೋಜಾ ಅನ್ನುವ ಯೋಜನೆ ಇದೆ. ಅಲ್ಲಿನ ಹಳ್ಳಿಯವರು 2013ರಿಂದ 117 ಹೆಕ್ಟೇರ್ ಕಾಂಡ್ಲಾ ಕಾಯ್ದುಕೊಂಡು, ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಕ್ರೆಡಿಟ್ ಮಾರುತ್ತಾರೆ. ಬಂದ ಹಣ ಕುಡಿಯುವ ನೀರು, ಶಾಲೆಗೆ ಹೋಗುತ್ತದೆ. ನಮ್ಮಲ್ಲಿ ಆಗಬೇಕಾದರೆ ಮೊದಲು ಆ ನೆಲದ ಹಕ್ಕು ಯಾರದು ಅಂತ ತೀರ್ಮಾನ ಆಗಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಅತಿ ಹೆಚ್ಚು ರಕ್ಷಣೆಯ ವರ್ಗಕ್ಕೆ ಸೇರಿದೆ. ಕಾನೂನು ಈಗಾಗಲೇ ಕಾಯುತ್ತಿರುವ ಕಾಡನ್ನು ನಾವು ಉಳಿಸಿದೆವು ಅಂತ ಮಾರುವುದು ಕಷ್ಟ. ಕ್ರೆಡಿಟ್ ಒಪ್ಪಂದದ ಬಗ್ಗೆ ಮಾತಾಡಲು ಬರುವವರು ಇದನ್ನು ಹೇಳುವುದಿಲ್ಲ. ಸಹಿ ಹಾಕುವ ಮೊದಲು ಕೇಳಿಕೊಳ್ಳಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 2021ರ ಅರಣ್ಯ ವರದಿ ಪ್ರಕಾರ ದೇಶದಲ್ಲಿ 4,992 ಚದರ ಕಿಲೋಮೀಟರ್ ಕಾಂಡ್ಲಾ ಇತ್ತು. ಕರ್ನಾಟಕದ್ದು 13. ನಮ್ಮ ಎಲ್ಲ ಕಾಂಡ್ಲಾ ಸೇರಿದರೂ ದೇಶದ ಹೊಗೆಯ ಲೆಕ್ಕದ ಮುಂದೆ ಅದು ತೀರಾ ಚಿಕ್ಕದು. ಕಲ್ಲಿದ್ದಲು ಸುಡುವುದು ಕಡಿಮೆ ಮಾಡದೆ ಕಾಂಡ್ಲಾ ನೆಟ್ಟು ಸರಿದೂಗಿಸುತ್ತೇವೆ ಅನ್ನುವುದು ಸುಳ್ಳು ಸಮಾಧಾನ. ಆದರೆ ಕೆಡಿಸಿದರೆ ಆಗುವ ನಷ್ಟ ಚಿಕ್ಕದಲ್ಲ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ 2010-11ರ ಬೇಸಿಗೆಯಲ್ಲಿ ಸಮುದ್ರದ ನೀರು ವಿಪರೀತ ಕಾಯಿತು. ಕಾಂಡ್ಲಾದಂತೆಯೇ ಬುಡದಲ್ಲಿ ಇಂಗಾಲ ಹೂತಿಟ್ಟುಕೊಳ್ಳುವ ಅಲ್ಲಿನ ಕಡಲ ಹುಲ್ಲುಗಾವಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಳಾಯಿತು. ಅದರ ನಂತರದ ಮೂರು ವರ್ಷದಲ್ಲಿ 20 ಲಕ್ಷದಿಂದ 90 ಲಕ್ಷ ಟನ್‌ವರೆಗೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರಬಹುದು ಅಂತ ವಿಜ್ಞಾನಿಗಳು ಅಂದಾಜು ಮಾಡಿದರು. ಅಲ್ಲಿ ಯಾರೂ ಗುದ್ದಲಿ ಹಾಕಿರಲಿಲ್ಲ. ನೀರು ಬಿಸಿಯಾದದ್ದೇ ಸಾಕಾಯಿತು.

ಹೋದ ಸಲ ನಾವು ಹೋದ ಜಾಗ ಒಂದು ಹಳೆಯ ಗಜನಿ. ಕಟ್ಟೆ ಒಡೆದು ಹೋಗಿದೆ, ಯಾರೂ ಕಟ್ಟಿಲ್ಲ. ಭರತದ ನೀರು ತಾನೇ ಒಳಗೆ ಬಂದು ಹೋಗುತ್ತದೆ. ಅದರ ಜೊತೆ ಬೀಜಗಳೂ ತೇಲಿ ಬಂದಿವೆ. ಯಾರೂ ನೆಡದ ಕಾಂಡ್ಲಾ ಗಿಡಗಳು ಅಲ್ಲಿ ಸೊಂಟದೆತ್ತರ ಬೆಳೆದಿವೆ. ಗಿಡಗಳ ನಡುವೆ ಒಂದು ಚೌಕದಲ್ಲಿ ನಾವು ಬಿಳಿ ಖನಿಜದ ಪುಡಿ ಹರಡಿ ಬಂದೆವು. ದೋಣಿಯ ಹಿರಿಯರು ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಈ ಸಲ ರಾಡಿ ತಕ್ಕಂಡು ಹೋಗುವುದಿಲ್ಲ, ಇದನ್ನು ಇಟ್ಟು ಹೋಗುತ್ತೇವೆ ಅಂತ ಹೇಳಿದೆ. ಮುಂದಿನ ವರ್ಷ ಇದೇ ಹೊತ್ತಿಗೆ ಅಲ್ಲಿ ಕೆಸರು ಕತ್ತರಿಸಿ, ಬಿಳಿ ಗೆರೆಯ ಮೇಲೆ ಎಷ್ಟು ಮಿಲಿಮೀಟರ್ ಹೊಸ ಹೂಳು ಕೂತಿದೆ ಅಂತ ನೋಡಬೇಕು. ಇಳಿತದ ವೇಳೆಯನ್ನು ಅವರೇ ನೋಡಿ ಹೇಳುತ್ತೇನೆ ಅಂದಿದ್ದಾರೆ.