ಕೆಲಸ ಇಲ್ಲದ ತಿಂಗಳಿಗೂ ರಿಟರ್ನ್ ಇದೆ

"ಮೇಡಂ, ಈ ತಿಂಗಳು ಕೆಲಸಾನೇ ಇರ್ಲಿಲ್ಲ. ಅದಕ್ಕೇ ಏನೂ ಫೈಲ್ ಮಾಡಿಲ್ಲ."

ಹೊಸದಾಗಿ ಜಿಎಸ್‌ಟಿ ನಂಬರ್ ತೆಗೆದುಕೊಂಡ ಫ್ರೀಲಾನ್ಸರ್‌ಗಳ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಡಿಸೈನರ್, ಅನುವಾದಕರು, ವಿಡಿಯೊ ಎಡಿಟರ್, ಎಲ್ಲರದ್ದೂ ಒಂದೇ ರಾಗ. ಇವರ್ಯಾರೂ ತೆರಿಗೆ ತಪ್ಪಿಸುವವರಲ್ಲ. ಪ್ರಾಮಾಣಿಕರೇ ಸಿಕ್ಕಿಹಾಕಿಕೊಳ್ಳುವುದು ನೋಡಿದರೆ ಸಂಕಟ ಆಗುತ್ತದೆ.

ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗ ನೋಂದಣಿ ಕಡ್ಡಾಯ, ಸಾಮಾನ್ಯವಾಗಿ. ಕಂಪನಿಯವರು ಜಿಎಸ್‌ಟಿ ಬಿಲ್ ಕೇಳುತ್ತಾರೆ ಅಂತ ಅದಕ್ಕೂ ಮೊದಲೇ ಮಾಡಿಸುವವರು ಬೇಕಾದಷ್ಟು. ತಪ್ಪೇನಿಲ್ಲ. ಆದರೆ ನಂಬರ್ ಕೈಗೆ ಬಂದ ಮೇಲೆ "ನಂದು 20 ಲಕ್ಷ ದಾಟಿಲ್ವಲ್ಲ" ಅನ್ನೋ ಮಾತು ನಡೆಯುವುದಿಲ್ಲ. ನೀವಾಗಿ ನೀವೇ ನೋಂದಾಯಿಸಿಕೊಂಡಿದ್ದರೂ ಬಿಲ್ಲಿಗೆ ತೆರಿಗೆ ಹಾಕಬೇಕು, ರಿಟರ್ನ್ ಸಲ್ಲಿಸಬೇಕು. ಒಂದು ರೂಪಾಯಿ ಬಿಲ್ ಆಗದ ತಿಂಗಳಿಗೂ.

"ದಂಡ ಎಷ್ಟು ಮಹಾ?" ಅಂತ ಕೇಳುತ್ತಾರೆ. ನಿಜ, ಸದ್ಯಕ್ಕೆ ನಿಲ್ (ಲೆಕ್ಕ ಸೊನ್ನೆಯ) 3ಬಿ, ಅಂದರೆ ತೆರಿಗೆ ಲೆಕ್ಕ ಒಪ್ಪಿಸಿ ಕಟ್ಟುವ ರಿಟರ್ನ್, ತಡವಾದರೆ ದಿನಕ್ಕೆ 20 ರೂಪಾಯಿ, ಒಂದು ರಿಟರ್ನ್‌ಗೆ ಹೆಚ್ಚೆಂದರೆ 500. ಪೆಟ್ಟು ಬೀಳುವುದು ಬೇರೆ ಕಡೆ.

ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವ ಶಿವಮೊಗ್ಗದ ಹುಡುಗಿಯೊಬ್ಬಳು ಬಂದಿದ್ದಳು. ನಂಬರ್ ಬಂದ ಮೇಲೆ ಎರಡು ತಿಂಗಳು ಕೆಲಸ ಇಲ್ಲ, ರಿಟರ್ನೂ ಇಲ್ಲ. ಆಮೇಲೆ ಬೆಂಗಳೂರಿನ ಒಂದು ಕಂಪನಿಗೆ 1 ಲಕ್ಷದ ಬಿಲ್ ಕೊಟ್ಟಳು, ಮೇಲೆ 18,000 ಜಿಎಸ್‌ಟಿ. ಆ ಬಿಲ್ಲನ್ನು ಜಿಎಸ್‌ಟಿಆರ್-1ರಲ್ಲಿ, ಅಂದರೆ ಬಿಲ್‌ಗಳ ವಿವರ ಕೊಡುವ ರಿಟರ್ನ್‌ನಲ್ಲಿ, ಹಾಕಲು ಹೋದರೆ ಪೋರ್ಟಲ್ ಬಿಡಲಿಲ್ಲ, ಹಿಂದಿನ ತಿಂಗಳುಗಳ 3ಬಿ ಬಾಕಿ ಇತ್ತು. ಜಿಎಸ್‌ಟಿಆರ್-1 ಫೈಲ್ ಆಗದೆ ಕಂಪನಿಯ 2ಬಿಯಲ್ಲಿ (ಅವರ ಹೆಸರಿಗೆ ಬಂದ ಬಿಲ್‌ಗಳ ಪೋರ್ಟಲ್ ಪಟ್ಟಿ) ಬಿಲ್ ಕಾಣುವುದಿಲ್ಲ. ಕಾಣದಿದ್ದರೆ ಅವರಿಗೆ ಕ್ರೆಡಿಟ್ ಇಲ್ಲ, ಅಂದರೆ ತಾವು ಕಟ್ಟುವ ತೆರಿಗೆಯಿಂದ ಆ ಮೊತ್ತ ಕಡಿತ ಮಾಡಲಾಗದು. ಅಕೌಂಟೆಂಟ್ 18,000 ತಡೆಹಿಡಿದ. ಕಂಪನಿ ಕೊಡಲಿ ಬಿಡಲಿ, ಆ ತೆರಿಗೆ ಕಟ್ಟಬೇಕಾದವಳು ಇವಳೇ. ತಡವಾದರೆ ವರ್ಷಕ್ಕೆ 18% ಬಡ್ಡಿ. ಹಳೇ ರಿಟರ್ನ್‌ಗಳನ್ನು ಒಂದೊಂದಾಗಿ ಸರದಿಯಂತೆ ಸಲ್ಲಿಸಿ ಮುಗಿಸುವಷ್ಟರಲ್ಲಿ ಆ ಹುಡುಗಿಯ ಮುಖ ಬಾಡಿಹೋಗಿತ್ತು. ಪಾಪ, ಕೆಲಸದಲ್ಲಿ ಎಷ್ಟು ಅಚ್ಚುಕಟ್ಟು ಗೊತ್ತಾ?

ಸತತ 6 ತಿಂಗಳು ಸಲ್ಲಿಸದೆ ಬಿಟ್ಟರೆ ಇಲಾಖೆ ನೋಂದಣಿಯನ್ನೇ ರದ್ದು ಮಾಡಬಹುದು.

ಇಷ್ಟೆಲ್ಲ ಕಷ್ಟ ಯಾವ ಕೆಲಸ ಬಿಟ್ಟಿದ್ದಕ್ಕೆ? ನೋಂದಾಯಿತ ಮೊಬೈಲಿಂದ 14409ಕ್ಕೆ ಒಂದು ಎಸ್ಎಂಎಸ್, ವಾಪಸ್ ಬಂದ ಆರಂಕಿಯ ಕೋಡ್ ಹಾಕಿ ಇನ್ನೊಂದು. ನಿಲ್ 3ಬಿ ಮುಗೀತು. ನಿಲ್ ಜಿಎಸ್‌ಟಿಆರ್-1ಕ್ಕೂ ಹೀಗೇ ಕಳಿಸಬಹುದು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಯೋಜನೆ ಆರಿಸಿಕೊಂಡಿದ್ದರೆ ಸರದಿ ಇನ್ನೂ ಕಡಿಮೆ.

ಆದರೆ ಯಾವುದು ನಿಲ್ ಅಂತ ಸ್ವಲ್ಪ ನೋಡಿಕೊಳ್ಳಿ. ಬಿಲ್ ಮಾಡದಿದ್ದರೂ ಆ ತಿಂಗಳು ತಗೊಂಡ ಲ್ಯಾಪ್‌ಟಾಪಿನ ಕ್ರೆಡಿಟ್ ತೆಗೆದುಕೊಳ್ಳುವುದಾದರೆ ಅದು ನಿಲ್ ಅಲ್ಲ. ಅಮೆರಿಕದ ಕ್ಲೈಂಟ್ ಡಾಲರ್ ಕಳಿಸಿದ್ದರೂ ಅಷ್ಟೇ. "ರಫ್ತಿಗೆ ತೆರಿಗೆ ಇಲ್ವಲ್ಲ" ಅಂತ ನಿಲ್ ಹಾಕುವವರಿದ್ದಾರೆ. ರಫ್ತನ್ನೂ ರಿಟರ್ನ್‌ನಲ್ಲಿ ತೋರಿಸಲೇಬೇಕು. ತೆರಿಗೆ ಕಟ್ಟದೆ ಬಿಲ್ ಮಾಡಬೇಕಾದರೆ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಸಲ್ಲಿಸಿರಬೇಕು, ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ. ನಿಮ್ಮ ಕೆಲಸಕ್ಕೆ ರಫ್ತಿನ ಷರತ್ತುಗಳೆಲ್ಲ ಹೊಂದುತ್ತವೆಯೇ ಅನ್ನುವುದನ್ನು ಒಪ್ಪಂದ ತೋರಿಸಿಯೇ ಕೇಳಿ, ಫೋನಿನಲ್ಲಿ ನಾನು ಹೂಂ ಅನ್ನುವುದಿಲ್ಲ.

ಫ್ರೀಲಾನ್ಸಿಂಗೇ ಬಿಟ್ಟು ಕೆಲಸಕ್ಕೆ ಸೇರಿದಿರಾ? ಸುಮ್ನೆ ಬಿಟ್ಟುಬಿಡಬೇಡಿ. ಬಾಕಿ ರಿಟರ್ನ್ ಮುಗಿಸಿ, ಪೋರ್ಟಲ್‌ನಲ್ಲಿ ರದ್ದತಿಗೆ ಅರ್ಜಿ ಹಾಕಿ. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನೋ ಕೊನೆಯ ರಿಟರ್ನ್ ಒಂದಿದೆ, ಅದನ್ನು ಬಹಳ ಜನ ಮರೆಯುತ್ತಾರೆ.